ಹೆದರಿಸುವವರ ಮೊದಲ ತಿರುಗಾಟ



ಬಣ್ಣ ಹಚ್ಚಿಕೊಂಡು ಜನರನ್ನು ಹೆದರಿಸುವುದನ್ನೇ ಕಸುಬು ಮಾಡಿಕೊಂಡ ತಂಡಗಳು ಎಲ್ಲ ದೇಶಗಳಲ್ಲೂ ಇವೆ. ಇಂಥ ತಂಡ ಮೊದಮೊದಲು ಇನ್ನೊಬ್ಬರ ಆಟಕ್ಕೆ ಮುಂಚಿನ ಅರ್ಧ ತಾಸು ತುಂಬಿಸಲು ಹೋಗುತ್ತದೆ. ಜನ ಬಂದಿರುವುದು ಬೇರೆಯವರನ್ನು ನೋಡಲು. ಇವರು ರಂಗದ ಮೇಲೆ ಜೀವ ತೇಯುತ್ತಿರುವಾಗ ಕೆಳಗೆ ಕುರ್ಚಿ ಎಳೆಯುವ ಸದ್ದು, ಚಹಾದವನ ಕೂಗು. ವರ್ಷಗಟ್ಟಲೆ ಹೀಗೆ ನಡೆದ ಮೇಲೆ ಒಂದು ದಿನ ಪೋಸ್ಟರಿನ ನೆತ್ತಿಯ ಮೇಲೆ ಅವರ ಹೆಸರೇ ದಪ್ಪಕ್ಷರದಲ್ಲಿ ಬೀಳುತ್ತದೆ. ಆ ಹೆಸರಿನ ಮೇಲೆ ಟಿಕೆಟ್ ಹೋಗುತ್ತದೆ, ಆ ಹೆಸರಿನ ಮೇಲೆ ಲಾರಿ ಒಂದೂರಿನಿಂದ ಇನ್ನೊಂದೂರಿಗೆ ಹೊರಡುತ್ತದೆ. ಇವತ್ತು ನಾನು ಮಾತಾಡಬೇಕೆಂದಿರುವುದು ಆ ಮೊದಲ ತಿರುಗಾಟದ ಬಗ್ಗೆ. ಅಮೆರಿಕದ ರಾಕ್ ಸಂಗೀತದವರಿಂದ ಶುರುಮಾಡಿ ನಮ್ಮ ಕೊಪ್ಪಳ ಸೀಮೆಯ ಪುರವಂತರು, ದೊಡ್ಡಾಟದವರ ತನಕ ಬರುತ್ತೇನೆ. ನಾನು ಅದೇ ಸೀಮೆಯ ನವಲಿಯವನು. ಈ ಎರಡು ಲೋಕಗಳ ನಡುವೆ ನನಗೆ ಕಾಣುವ ನೆಂಟಸ್ತನವನ್ನು ಹೇಳದೆ ಇರಲಾರೆ.

ರಾಕ್ ಸಂಗೀತದಲ್ಲಿ ಒಂದು ಕವಲಿದೆ, ಅದಕ್ಕೆ ಶಾಕ್ ರಾಕ್ ಎಂದು ಹೆಸರು. ಹಾಡಿನಷ್ಟೇ ಆಟಕ್ಕೂ ಅಲ್ಲಿ ಬೆಲೆ. 1950ರ ದಶಕದಲ್ಲಿ ಸ್ಕ್ರೀಮಿಂಗ್ ಜೇ ಹಾಕಿನ್ಸ್ ಎಂಬ ಗಾಯಕ ಶವಪೆಟ್ಟಿಗೆಯೊಳಗಿಂದ ಎದ್ದು ಬಂದು ಹಾಡುತ್ತಿದ್ದ. ಕೈಯಲ್ಲಿ ಒಂದು ಕೋಲು, ಕೋಲಿನ ತುದಿಗೆ ತಲೆಬುರುಡೆ. 1968ರಲ್ಲಿ ಇಂಗ್ಲೆಂಡಿನ ಆರ್ಥರ್ ಬ್ರೌನ್ ತಲೆಯ ಮೇಲೆ ಬೆಂಕಿ ಉರಿಯುವ ಶಿರಸ್ತ್ರಾಣ ಹೊತ್ತು ಹಾಡಿ ಹೆಸರಾದ. ಆದರೆ ಇದನ್ನೊಂದು ಪೂರ್ತಿ ರಂಗಪ್ರಕಾರವಾಗಿ ಬೆಳೆಸಿ, ಊರೂರಿಗೆ ಹೊತ್ತುಕೊಂಡು ಹೋದವರು ಆಲಿಸ್ ಕೂಪರ್ ತಂಡದವರು.

ಆಲಿಸ್ ಕೂಪರ್ ಎನ್ನುವುದು ಮೊದಲು ತಂಡದ ಹೆಸರು, ಆಮೇಲೆ ಅದರ ಗಾಯಕನ ಹೆಸರೂ ಆಯಿತು. ಗಾಯಕನ ಹುಟ್ಟುಹೆಸರು ವಿನ್ಸೆಂಟ್ ಫರ್ನಿಯರ್. 1948ರಲ್ಲಿ ಡೆಟ್ರಾಯಿಟ್‌ನಲ್ಲಿ ಹುಟ್ಟಿದವನು, ಚರ್ಚಿನಲ್ಲಿ ಉಪದೇಶ ಮಾಡುತ್ತಿದ್ದವರ ಮಗ. ಅರಿಜೋನಾದ ಫೀನಿಕ್ಸ್‌ನಲ್ಲಿ ಹೈಸ್ಕೂಲು ಓದುವಾಗ ಕಟ್ಟಿಕೊಂಡ ಗೆಳೆಯರ ತಂಡವೇ ಮುಂದೆ ಲಾಸ್ ಏಂಜಲೀಸ್ ಸೇರಿತು. ಅಲ್ಲಿ ಇವರು ರಂಗ ಏರಿದರೆ ಜನ ಎದ್ದು ಹೋಗುತ್ತಿದ್ದರು. ಒಂದು ಸಲ ಒಂದು ಕ್ಲಬ್ಬು ಕೆಲವೇ ನಿಮಿಷಗಳಲ್ಲಿ ಖಾಲಿಯಾಯಿತು ಎಂಬುದು ಅವರ ಕಥೆಯಲ್ಲಿ ಎಲ್ಲರೂ ಹೇಳುವ ಮಾತು. ಶೆಪ್ ಗಾರ್ಡನ್ ಎಂಬ ಯುವಕ ಅದನ್ನು ನೋಡಿ ಮನಸ್ಸು ಮಾಡಿದ. ಇಷ್ಟು ಜನರನ್ನು ಇಷ್ಟು ಬೇಗ ಎಬ್ಬಿಸಬಲ್ಲವರು ಒಂದು ದಿನ ಅಷ್ಟೇ ಜನರನ್ನು ಕೂರಿಸಲೂ ಬಲ್ಲರು ಎಂದು ಲೆಕ್ಕ ಹಾಕಿ ಅವರ ಮ್ಯಾನೇಜರ್ ಆದ. ನನಗೆ ಈ ಲೆಕ್ಕದಲ್ಲಿ ಬಹಳ ದೊಡ್ಡ ಬುದ್ಧಿ ಕಾಣುತ್ತದೆ. ಪ್ರೇಕ್ಷಕ ಸಿಟ್ಟಾಗಿದ್ದಾನೆಂದರೆ ಅವನಿಗೆ ಏನೋ ತಟ್ಟಿದೆ. ತಟ್ಟದೆ ಆಕಳಿಸುವ ಪ್ರೇಕ್ಷಕನನ್ನು ಮಾತ್ರ ಯಾವ ಕಲಾವಿದನೂ ಗೆಲ್ಲಲಾರ.

1969ರ ಸೆಪ್ಟೆಂಬರ್ 13ರಂದು ಕೆನಡಾದ ಟೊರಾಂಟೋದಲ್ಲಿ ದೊಡ್ಡದೊಂದು ಸಂಗೀತೋತ್ಸವ. ಆ ದಿನದ ದೊಡ್ಡ ಹೆಸರುಗಳು ಜಾನ್ ಲೆನನ್, ಡೋರ್ಸ್ ತಂಡ. ಆಲಿಸ್ ಕೂಪರ್‌ನವರದು ಸಣ್ಣ ಪಾಲು. ಅವರ ಆಟದ ನಡುವೆ ರಂಗದ ಮೇಲೆ ಒಂದು ಕೋಳಿ ಬಂತು. ಕೋಳಿ ಹಾರಿ ಹೋಗುತ್ತದೆಂದು ತಿಳಿದು ಗಾಯಕ ಅದನ್ನು ಜನರತ್ತ ಎಸೆದ. ಕೆಳಗಿದ್ದವರು ಅದನ್ನು ಹರಿದು ಹಾಕಿದರು. ಮರುದಿನ ಹಬ್ಬಿದ ಸುದ್ದಿಯೇ ಬೇರೆ: ಈತ ಕೋಳಿಯ ಕತ್ತು ಕಚ್ಚಿ ರಕ್ತ ಕುಡಿದನಂತೆ! ಅವರ ಮೊದಲ ಆಲ್ಬಮ್ಮುಗಳನ್ನು ಹೊರತಂದ ಸಂಗೀತಗಾರ ಫ್ರಾಂಕ್ ಜಾಪಾ ಫೋನು ಮಾಡಿ ವಿಚಾರಿಸಿ, ಮಾಡಿಲ್ಲವಾದರೆ ಹಾಗಂತ ಯಾರಿಗೂ ಹೇಳಬೇಡ ಎಂದನೆಂದು ಆಲಿಸ್ ಮುಂದೆ ಹಲವು ಸಲ ಹೇಳಿಕೊಂಡಿದ್ದಾನೆ. ಒಂದು ಜೀವ ಹೋದ ಆ ಘಟನೆಯಲ್ಲಿ ಮೆಚ್ಚುವಂಥದ್ದು ಏನೂ ಇಲ್ಲ. ಆದರೆ ಅಲ್ಲಿಂದ ಆ ತಂಡ ಕಲಿತದ್ದು ದೊಡ್ಡದು. ಭಯಾನಕವನ್ನು ಗುಂಪಿನ ಕೈಗೆ, ಆಕಸ್ಮಿಕಕ್ಕೆ ಬಿಡಬಾರದು. ಅದನ್ನು ಬರೆಯಬೇಕು, ತಾಲೀಮು ಮಾಡಬೇಕು, ಎಲ್ಲಿ ಶುರು ಎಲ್ಲಿ ಮುಕ್ತಾಯ ಎಂದು ಗೆರೆ ಹಾಕಬೇಕು.

1971ರಲ್ಲಿ 'ಐಯಾಮ್ ಎಯ್ಟೀನ್' ಎಂಬ ಅವರ ಹಾಡು ಜನರ ಬಾಯಿಗೆ ಬಿತ್ತು. ಆ ವರ್ಷ ಅವರು ಪೋಸ್ಟರಿನ ಮೇಲಿನ ಸಾಲಿಗೆ ಏರಿದರು. ಹಾಡುಗಾರ ಆ ತಿರುಗಾಟದಲ್ಲಿ ವಿದ್ಯುತ್ ಕುರ್ಚಿಯ ಮೇಲೆ ಸಾಯುತ್ತಿದ್ದ. ಮುಂದಿನ ತಿರುಗಾಟದಲ್ಲಿ ನೇಣುಗಂಬ. 1973ರಲ್ಲಿ 'ಬಿಲಿಯನ್ ಡಾಲರ್ ಬೇಬೀಸ್' ತಿರುಗಾಟದ ಹೊತ್ತಿಗೆ ತಲೆ ಕಡಿಯುವ ಗಿಲೊಟಿನ್ ಯಂತ್ರವೇ ರಂಗಕ್ಕೆ ಬಂತು. ಭಾರದ ಅಲಗು ಮೇಲಿನಿಂದ ಜಾರುತ್ತದೆ, ಬುಟ್ಟಿಯಿಂದ ತಲೆಯೊಂದನ್ನು ಎತ್ತಿ ತೋರಿಸುತ್ತಾರೆ, ಜನ ಕಿರುಚುತ್ತಾರೆ. ಆ ಯಂತ್ರದ ತಂತ್ರ ಹೂಡಿಕೊಟ್ಟವನು ಜೇಮ್ಸ್ ರಾಂಡಿ ಎಂಬ ಜಾದೂಗಾರ. ತಿರುಗಾಟದಲ್ಲಿ ತಲೆ ಕಡಿಯುವವನ ವೇಷವನ್ನೂ ಅವನೇ ಹಾಕಿದ.

ಈ ರಾಂಡಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಮುಂದೆ ಇದೇ ಮನುಷ್ಯ ಪವಾಡದ ಹೆಸರಿನಲ್ಲಿ ಜನರಿಗೆ ಮೋಸ ಮಾಡುವವರನ್ನು ಬಯಲಿಗೆಳೆಯುವ ಕೆಲಸಕ್ಕೆ ತನ್ನ ಬದುಕನ್ನು ಮುಡಿಪಿಟ್ಟ. ನಮ್ಮಲ್ಲಿ ಅದೇ ಕೆಲಸಕ್ಕೆ 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಸಮಿತಿ ಕಟ್ಟಿದರು. ರಂಗದ ಮೇಲೆ ತಲೆ ಕಡಿದು ತೋರಿಸುವವನೇ ಹೊರಗೆ ಬಂದು ಮೋಸವನ್ನು ಬಯಲು ಮಾಡುವುದರಲ್ಲಿ ವಿರೋಧವೇನೂ ಇಲ್ಲ. ಜಾದೂಗಾರ 'ಇದು ಆಟ' ಎಂದು ಟಿಕೆಟಿನ ಮೇಲೇ ಒಪ್ಪಿಕೊಂಡಿರುತ್ತಾನೆ. ಆ ಒಪ್ಪಂದ ಇರುವುದರಿಂದಲೇ ನೋಡುವವನು ಮನಸಾರೆ ಹೆದರಬಲ್ಲ, ಹೆದರಿ ಮನೆಗೆ ಹೋಗಿ ನಿದ್ದೆ ಮಾಡಬಲ್ಲ.

ಕತ್ತು ಹೋದ ಮೇಲೂ ಆಟ ಮುಗಿಯುತ್ತಿರಲಿಲ್ಲ. ಸತ್ತ ಆಲಿಸ್ ಬಿಳಿ ಕೋಟು, ಬಿಳಿ ಎತ್ತರದ ಟೋಪಿ ಹಾಕಿಕೊಂಡು ಮತ್ತೆ ಬಂದು ಹಾಡುತ್ತಿದ್ದ. ದುಷ್ಟ ಪಾತ್ರ ಮೊದಲು ಮೆರೆಯಬೇಕು, ಆಮೇಲೆ ಶಿಕ್ಷೆಯಾಗಬೇಕು, ಕಡೆಗೆ ಎಲ್ಲರೂ ಕೂಡಿ ಹಾಡಬೇಕು ಎಂಬುದು ಅವನ ಆಟದ ಕಟ್ಟು. ಇದನ್ನು ಕೇಳಿದಾಗ ನಮ್ಮ ಕಡೆಯವರಿಗೆ ಯಾರ ನೆನಪಾಗಬೇಕು ಹೇಳಿ? ದಕ್ಷಬ್ರಹ್ಮನದು.

ಕೊಪ್ಪಳ, ಯಲಬುರ್ಗಾ, ಕುಷ್ಟಗಿ, ಗಂಗಾವತಿ ಸೀಮೆಯಲ್ಲಿ ವೀರಭದ್ರ ದೇವರ ಗುಗ್ಗಳ ಹೊರಡುವುದನ್ನು ನೋಡದೆ ಬೆಳೆದವರು ಕಡಿಮೆ. ಬೆಂಕಿ ಹೊತ್ತ ಕೊಡ ಮುಂದೆ, ಅದರ ಸುತ್ತ ಕೆಂಪುಡುಗೆಯ ಪುರವಂತರು. ಕೈಯಲ್ಲಿ ಕತ್ತಿ, ಕಾಲಲ್ಲಿ ಗೆಜ್ಜೆ, ಹಣೆ ತುಂಬ ವಿಭೂತಿ. ಸಮಾಳ, ಕರಡಿಮಜಲು, ಶಹನಾಯಿ ಒಮ್ಮೆಲೆ ನಿಲ್ಲುತ್ತವೆ. ಹಿರಿಯ ಪುರವಂತ ಒಂದು ಹೆಜ್ಜೆ ಮುಂದೆ ಬಂದು ಒಡಪು ಎತ್ತುತ್ತಾನೆ. ದಕ್ಷ ಯಜ್ಞಕ್ಕೆ ಶಿವನನ್ನು ಕರೆಯಲಿಲ್ಲ, ಮಗಳನ್ನು ತುಂಬಿದ ಸಭೆಯಲ್ಲಿ ಅವಮಾನಿಸಿದ, ಅವಳು ಬೆಂಕಿಗೆ ಬಿದ್ದಳು, ಶಿವ ಜಡೆ ಕಿತ್ತು ಅಪ್ಪಳಿಸಿದ, ವೀರಭದ್ರ ಹುಟ್ಟಿದ. ಪುರವಂತ ಇದನ್ನು ಹಾಡುವುದಿಲ್ಲ, ಬರೀ ಹೇಳುವುದೂ ಇಲ್ಲ. ಉಸಿರು ಎಲ್ಲಿ ಮುಗಿಯುತ್ತದೋ ಎನ್ನುವಷ್ಟು ಉದ್ದದ ವಾಕ್ಯವನ್ನು ಒಂದೇ ಎಳೆಯಲ್ಲಿ ಏರಿಸಿ, ತುದಿಯಲ್ಲಿ ಕತ್ತಿ ಝಳಪಿಸುತ್ತಾನೆ. ಆ ತುದಿಗೆ ವಾದ್ಯ ಮತ್ತೆ ಸಿಡಿಯುತ್ತದೆ. ಚಿಕ್ಕಂದಿನಲ್ಲಿ ಅವ್ವನ ಸೆರಗಿನ ಹಿಂದೆ ನಿಂತು ಅದನ್ನು ಕೇಳಿದವನಿಗೆ ಮುಂದೆ ಎಂಥ ಗಿಟಾರ್ ಸದ್ದೂ ಹೊಸದೆನಿಸುವುದಿಲ್ಲ.

ಕಥೆಯಲ್ಲಿ ದಕ್ಷನ ತಲೆ ಕಡಿದು ಹೋಮಕುಂಡಕ್ಕೆ ಬೀಳುತ್ತದೆ. ಅಲ್ಲಿಗೆ ಮುಗಿಯುವುದಿಲ್ಲ. ದೇವತೆಗಳು ಬೇಡಿಕೊಂಡ ಮೇಲೆ ಅವನ ಮುಂಡಕ್ಕೆ ಟಗರಿನ ತಲೆ ಕೂಡಿಸಿ ಎಬ್ಬಿಸುತ್ತಾರೆ. ಅಹಂಕಾರದ ತಲೆ ಹೋಗಿ ಇನ್ನೊಂದು ತಲೆ ಬರುವ ತನಕ ಕಥೆ ಬಿಡುವುದಿಲ್ಲ. ಆಲಿಸ್ ಕೂಪರ್ ಈ ಕಥೆ ಕೇಳಿದ್ದನೋ ಇಲ್ಲವೋ ಅದು ಮುಖ್ಯವಲ್ಲ. ಶಿರಚ್ಛೇದವನ್ನು ಜನರ ಮುಂದೆ ಆಡುವವರೆಲ್ಲರೂ, ಸಮುದ್ರದ ಆಚೆಯವರಿರಲಿ ಈಚೆಯವರಿರಲಿ, ಸತ್ತವನನ್ನು ಎಬ್ಬಿಸದೆ ಜನರನ್ನು ಮನೆಗೆ ಕಳಿಸುವುದಿಲ್ಲ. ಈ ಜವಾಬ್ದಾರಿಯೇ ಭಯಾನಕ ರಸವನ್ನು ಬರೀ ಕ್ರೌರ್ಯದಿಂದ ಬೇರೆ ಮಾಡುತ್ತದೆ ಎಂದು ನಾನು ನಂಬಿದ್ದೇನೆ.

ಪುರವಂತಿಕೆಯಲ್ಲಿ ಇನ್ನೊಂದು ಭಾಗವಿದೆ, ಶಸ್ತ್ರ ಹಾಕಿಕೊಳ್ಳುವುದು. ಕೆನ್ನೆಗೆ ಕಬ್ಬಿಣದ ಸರಳು ಚುಚ್ಚಿಕೊಳ್ಳುತ್ತಾರೆ, ಕೆಲವು ಕಡೆ ಅದೇ ತೂತಿನಲ್ಲಿ ಉದ್ದನೆಯ ದಾರ ಎಳೆಯುತ್ತಾರೆ. ಆಮೇಲೆ ಆ ಜಾಗಕ್ಕೆ ವಿಭೂತಿ ಒತ್ತುತ್ತಾರೆ. ಅಮೆರಿಕದವರ ಅಲಗು ಕತ್ತಿನ ಮೇಲೆ ನಿಲ್ಲುತ್ತದೆ, ಇಲ್ಲಿ ಸರಳು ನಿಜವಾಗಿ ಒಳಗೆ ಹೋಗುತ್ತದೆ. ರಾಜ್ಯದಲ್ಲಿ 2017ರಲ್ಲಿ ಆದ, 2020ರ ಜನವರಿಯಿಂದ ಜಾರಿಗೆ ಬಂದ ಅಮಾನವೀಯ ದುಷ್ಟ ಪದ್ಧತಿಗಳ ವಿರುದ್ಧದ ಕಾಯ್ದೆಯ ಪಟ್ಟಿಯಲ್ಲಿ ದವಡೆಯಿಂದ ದವಡೆಗೆ ಸರಳು ಚುಚ್ಚುವ ಬಾಯಿಬೀಗದ ಆಚರಣೆ ಸೇರಿದೆ. ಇದರ ಬಗ್ಗೆ ನಮ್ಮ ಹಳ್ಳಿಗಳಲ್ಲಿ ಬಿಸಿಬಿಸಿ ಮಾತು ನಡೆಯುತ್ತದೆ. ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಹರಕೆಯ ಹೆಸರಿನಲ್ಲಿ ಎಳೆಯರ ಮೈಗೆ, ಒಲ್ಲದವರ ಮೈಗೆ ಕಬ್ಬಿಣ ತಾಗಬಾರದು. ಆದರೆ ಪುರವಂತಿಕೆ ಎಂದರೆ ಸರಳು ಎಂದು ತಿಳಿದು ಅದನ್ನೇ ಮೂಢನಂಬಿಕೆಯ ಮೂಲೆಗೆ ತಳ್ಳುವವರು ಒಡಪನ್ನು ಕಿವಿಗೊಟ್ಟು ಕೇಳಿಲ್ಲ. ಒಳ್ಳೆಯ ಪುರವಂತನಿಗೆ ರಕ್ತ ಬೇಕಿಲ್ಲ. ಅವನ ದನಿ, ಅವನ ಕಣ್ಣು, ಸಮಾಳದ ಒಂದು ಪೆಟ್ಟು ಸಾಕು, ಸಾವಿರ ಜನರ ಬೆನ್ನಿನಲ್ಲಿ ನಡುಕ ಹುಟ್ಟುತ್ತದೆ. ಆ ವಿದ್ಯೆ ಉಳಿಯಬೇಕು.

ದೊಡ್ಡಾಟಕ್ಕೆ ಬರೋಣ. ನಮ್ಮಲ್ಲಿ ಬಯಲಾಟ ಎಂದರೂ ಇದೇ. ಊರ ನಡುವೆ ಅಟ್ಟ ಕಟ್ಟುತ್ತಾರೆ. ಸಾರಥಿ, ಮದ್ದಳೆಯವನು, ತಾಳದವನು, ಪೇಟಿಯವನು. ವೇಷದ ಭುಜಕೀರ್ತಿ, ಎದೆಕಟ್ಟು, ಕಿರೀಟ ಹಗುರ ಮರದವು, ಮೇಲೆ ಬಣ್ಣದ ಬೇಗಡೆ, ಕನ್ನಡಿ ಚೂರು. ದೇವತೆ, ರಾಜ, ಸ್ತ್ರೀಪಾತ್ರ ಎಲ್ಲ ಬಂದು ಹೋಗುತ್ತವೆ. ಜನ ಕಾಯುವುದು ರಾಕ್ಷಸನಿಗಾಗಿ. ಅವನು ಬರುವ ಮೊದಲು ತೆರೆಯ ಹಿಂದಿನಿಂದ ಒಂದು ಅಬ್ಬರ. ದೊಂದಿಗೆ ರಾಳದ ಪುಡಿ ಎರಚಿದಾಗ ಭುಗ್ಗೆಂದು ಜ್ವಾಲೆ. ಆಮೇಲೆ ಹೆಜ್ಜೆ. ಅಟ್ಟದ ಹಲಗೆಗಳು ಎಷ್ಟು ಸದ್ದು ಮಾಡುತ್ತವೆ ಎಂಬುದರ ಮೇಲೆ ಪಾತ್ರಧಾರಿಯ ತೂಕ ಅಳೆಯುತ್ತಾರೆ ನಮ್ಮ ಹಿರಿಯರು. ಮುಂದೆ ಮಲಗಿದ್ದ ಮಕ್ಕಳು ಎದ್ದು ಅಳುತ್ತವೆ, ಅಳುತ್ತಲೇ ಬೆರಳ ಸಂದಿನಿಂದ ನೋಡುತ್ತವೆ. ಆಡುವವನು ಹಗಲು ಹೊಲದಲ್ಲಿ ಕೆಲಸ ಮಾಡುವವನೇ. ಕವಿ ಅಥವಾ ಮಾಸ್ತರ ತಿಂಗಳುಗಟ್ಟಲೆ ರಾತ್ರಿ ತಾಲೀಮು ಕೊಟ್ಟಿರುತ್ತಾನೆ. ವೇಷದ ಬಾಡಿಗೆ, ಮಾಸ್ತರನ ಸಂಭಾವನೆ, ಅಟ್ಟದ ಖರ್ಚು ಎಲ್ಲ ಊರವರ, ಪಾತ್ರಧಾರಿಗಳ ಕಿಸೆಯಿಂದಲೇ.

ಕರಾವಳಿಯ ಯಕ್ಷಗಾನದಲ್ಲೂ ಇದೇ ಅಬ್ಬರ ಇನ್ನೂ ನಿಷ್ಠುರವಾದ ಶಾಸ್ತ್ರವಾಗಿದೆ. ತೆಂಕುತಿಟ್ಟಿನ ಬಣ್ಣದ ವೇಷಕ್ಕೆ ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಮುಳ್ಳಿನಂತೆ ಚುಟ್ಟಿ ಇಡಲು ತಾಸುಗಟ್ಟಲೆ ಹಿಡಿಯುತ್ತದೆ. ದೇವೀಮಹಾತ್ಮೆಯ ಮಹಿಷಾಸುರ ರಂಗದ ಹಿಂದಿನಿಂದ ಬರುವುದಿಲ್ಲ. ದೂರದ ಕತ್ತಲಿನಿಂದ ದೊಂದಿ, ಗರ್ನಾಲುಗಳ ನಡುವೆ ಜನರ ಮಧ್ಯದಿಂದಲೇ ನುಗ್ಗಿ ಬರುತ್ತಾನೆ. ಆದರೆ ನಾನು ಕರಾವಳಿಯನ್ನು ನೆನೆಸಿದ್ದು ವೇಷಕ್ಕಾಗಿ ಅಲ್ಲ, ತಿರುಗಾಟಕ್ಕಾಗಿ. ಅಲ್ಲಿನ ಮೇಳಗಳು ಮಳೆ ಮುಗಿದ ಮೇಲೆ ಹೊರಟು, ಮೇ ತಿಂಗಳ ಕೊನೆಯ ಪತ್ತನಾಜೆಯ ತನಕ ಪ್ರತಿ ರಾತ್ರಿ ಆಡುತ್ತವೆ. ಕಟೀಲು, ಮಂದಾರ್ತಿಯಂಥ ಮೇಳಗಳು ಹರಕೆಯ ಆಟ ಆಡಿದರೆ, ಸಾಲಿಗ್ರಾಮ, ಪೆರ್ಡೂರಿನಂಥ ಡೇರೆ ಮೇಳಗಳು ಟಿಕೆಟಿನ ಮೇಲೆ ಆಡಿಕೊಂಡು ಬಂದಿವೆ. ಮೇಳದ ಹೆಸರು ದೊಡ್ಡದಾಗಿ, ಅದರ ಕೆಳಗೆ ಭಾಗವತರ ಹೆಸರು, ವೇಷಧಾರಿಗಳ ಹೆಸರು. ಮಹಿಷಾಸುರನ ವೇಷ ಇವತ್ತು ಯಾರದು ಎಂದು ಕೇಳಿಕೊಂಡು ಜನ ಮೋಟಾರು ಸೈಕಲ್ ಹತ್ತುತ್ತಾರೆ. ಕಲಾವಿದನಿಗೆ ಆರು ತಿಂಗಳ ಸಂಬಳ ಗೊತ್ತು, ನಾಳೆ ಎಲ್ಲಿ ಆಟ ಎಂಬುದೂ ಗೊತ್ತು.

ನಮ್ಮ ಬಯಲುಸೀಮೆಗೆ ತಿರುಗಾಟ ಗೊತ್ತಿಲ್ಲದ ವಿದ್ಯೆಯೇನಲ್ಲ. ವೃತ್ತಿ ನಾಟಕ ಕಂಪನಿಗಳು ನಮ್ಮ ಜಾತ್ರೆಗಳನ್ನು ನಂಬಿಯೇ ಬದುಕಿದವು. ಬಾದಾಮಿಯ ಬನಶಂಕರಿ ಜಾತ್ರೆಗೆ ಇಂದಿಗೂ ಹಲವು ಕಂಪನಿಗಳು ಒಟ್ಟಿಗೆ ಬಂದು ಕ್ಯಾಂಪು ಹಾಕಿ, ಒಬ್ಬರ ಟೆಂಟಿನ ಸದ್ದು ಇನ್ನೊಬ್ಬರಿಗೆ ಕೇಳುವಷ್ಟು ಹತ್ತಿರದಲ್ಲಿ ಆಡುತ್ತವೆ. ಗುಬ್ಬಿ ವೀರಣ್ಣನವರ ಕಂಪನಿ 1934ರಲ್ಲಿ 'ಕುರುಕ್ಷೇತ್ರ' ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನು ರಂಗಕ್ಕೆ ತಂದಿತು. ಪ್ರೇಕ್ಷಕನ ಉಸಿರು ನಿಲ್ಲಿಸುವುದು ಹೇಗೆಂದು ಅವರಿಗೆ ಯಾರೂ ಹೊರಗಿನಿಂದ ಬಂದು ಹೇಳಿಕೊಡಬೇಕಾಗಿರಲಿಲ್ಲ. ಜಾಹೀರಾತೂ ಹಾಗೆಯೇ. 1972ರಲ್ಲಿ ಲಂಡನ್ನಿನಲ್ಲಿ ಆಲಿಸ್ ಕೂಪರ್ ಪ್ರದರ್ಶನದ ಟಿಕೆಟ್ ಹೋಗದಿದ್ದಾಗ ಶೆಪ್ ಗಾರ್ಡನ್ ಒಂದು ಲಾರಿಗೆ ಹಾವು ಸುತ್ತಿಕೊಂಡ ಗಾಯಕನ ಚಿತ್ರ ಕಟ್ಟಿ, ನಗರದ ನಟ್ಟನಡುವೆ ಪಿಕಡಿಲಿ ವೃತ್ತದಲ್ಲಿ ಅದು ಕೆಟ್ಟು ನಿಲ್ಲುವಂತೆ ಮಾಡಿದ. ಸಂಚಾರ ನಿಂತಿತು, ಸುದ್ದಿಯಾಯಿತು, ಟಿಕೆಟ್ಟೆಲ್ಲ ಮುಗಿಯಿತು. ನಮ್ಮ ಕಂಪನಿಯವರು ಟಾಂಗಾ, ಜೀಪಿನ ಮೇಲೆ ಮೈಕು ಕಟ್ಟಿ, ಸಂತೆಯ ದಿನವೇ ಸಂತೆಯ ಬಾಯಿಯಲ್ಲಿ ನಿಲ್ಲುತ್ತಿದ್ದುದರ ಹಿಂದೆ ಇದೇ ತಿಳಿವಳಿಕೆ ಇತ್ತು.

ಮೊದಲ ತಿರುಗಾಟ ದುಡ್ಡು ತರುತ್ತದೆ ಎಂದು ಯಾರೂ ತಿಳಿಯಬಾರದು. ನ್ಯೂಯಾರ್ಕಿನ ಕಿಸ್ ತಂಡದ ಕಥೆ ಕೇಳಿ. ನಾಲ್ಕು ಜನ, ನಾಲ್ಕು ಬಗೆಯ ಬಿಳಿ ಕಪ್ಪು ಮುಖವರ್ಣ. ಬಾಯಿಂದ ರಕ್ತದ ಬಣ್ಣ ಸುರಿಸುವುದು, ಬೆಂಕಿ ಉಗುಳುವುದು. 1973ರ ಜನವರಿ 30ರಂದು ಅವರು ಮೊದಲ ಪ್ರದರ್ಶನ ಕೊಟ್ಟಾಗ ಎದುರಿಗಿದ್ದವರು ಹತ್ತು ಜನರೂ ಇಲ್ಲ. ಅದೇ ವರ್ಷದ ಕೊನೆಯ ರಾತ್ರಿ ಬೆಂಕಿ ಉಗುಳುವಾಗ ತಂಡದ ಜೀನ್ ಸಿಮನ್ಸ್‌ನ ಕೂದಲಿಗೇ ಬೆಂಕಿ ಹತ್ತಿತು. 1974ರಲ್ಲಿ ಆಲ್ಬಂ ಬಂತು, ಬೇರೆ ತಂಡಗಳ ಮುಂದೆ ಹಾಡುತ್ತ ಊರೂರು ತಿರುಗಿದರು. ಇವರ ಬೆಂಕಿ, ಹೊಗೆಯ ನಂತರ ರಂಗ ಏರಲು ದೊಡ್ಡ ತಂಡಗಳು ಹಿಂಜರಿಯುತ್ತಿದ್ದವು. ಆದರೂ ಆಲ್ಬಂ ಮಾರಾಟ ಏಳಲಿಲ್ಲ. ಅವರನ್ನು ನಂಬಿದ ಕಾಸಾಬ್ಲಾಂಕಾ ಕಂಪನಿ ಮುಳುಗುವ ಹಂತಕ್ಕೆ ಬಂತು. ಕಡೆಗೆ ಅವರನ್ನು ಎತ್ತಿದ್ದು 1975ರ ಸೆಪ್ಟೆಂಬರ್‌ನಲ್ಲಿ ಬಂದ 'ಅಲೈವ್' ಎಂಬ ಆಲ್ಬಂ. ಅದರಲ್ಲಿ ಸ್ಟುಡಿಯೋದಲ್ಲಿ ಮಾಡಿದ ಹೊಸ ಹಾಡುಗಳೇನಿಲ್ಲ; ಡೆಟ್ರಾಯಿಟ್ ಮೊದಲಾದ ಊರುಗಳ ಪ್ರದರ್ಶನಗಳ ಧ್ವನಿಮುದ್ರಣ, ಜನರ ಕೂಗಿನ ಸಮೇತ. ಅವರ ಬಂಡವಾಳ ಇದ್ದುದೇ ತಿರುಗಾಟದಲ್ಲಿ ಎಂದು ಮಾರುಕಟ್ಟೆಗೆ ಅರ್ಥವಾಗಲು ಅಷ್ಟು ಕಾಲ ಬೇಕಾಯಿತು.

ನಮ್ಮ ರಾಜಧಾನಿಯಲ್ಲೂ ಈ ಸಂಗೀತಕ್ಕೆ ನೆಲ ಇದೆ. 2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಇಂಗ್ಲೆಂಡಿನ ಐರನ್ ಮೇಡನ್ ಹಾಡಿತು. ಎಡ್ಡಿ ಎಂಬ ದೈತ್ಯ ಅಸ್ಥಿಪಂಜರ ಆ ತಂಡದ ಗುರುತು, ಒಂದು ಬಗೆಯಲ್ಲಿ ಅವರ ಬಣ್ಣದ ವೇಷ. ಅದಕ್ಕೂ ಮೊದಲೇ, 1998ರಲ್ಲಿ, ಬೆಂಗಳೂರಿನ ಹುಡುಗರು ಕ್ರಿಪ್ಟೋಸ್ ಎಂಬ ಹೆವಿ ಮೆಟಲ್ ತಂಡ ಕಟ್ಟಿದ್ದರು. 2010ರಲ್ಲಿ ಆ ತಂಡ ಯುರೋಪಿನ ಹಲವು ನಗರಗಳಿಗೆ ತಿರುಗಾಟ ಹೋಯಿತು. ಭಾರತದ ಮೆಟಲ್ ತಂಡವೊಂದು ಹಾಗೆ ಹೋದದ್ದು ಅದೇ ಮೊದಲು. 2013ರಲ್ಲಿ ಜರ್ಮನಿಯ ವಾಕನ್ ಉತ್ಸವದಲ್ಲೂ ಹಾಡಿದರು. ಇವರದು ಶಾಕ್ ರಾಕ್ ಅಲ್ಲ, ವೇಷವಿಲ್ಲ, ಶವಪೆಟ್ಟಿಗೆಯಿಲ್ಲ. ಆದರೂ ಇವರ ಹೆಸರು ಹೇಳಿದೆ. ಸಿನಿಮಾ ಹಾಡಿನ ನೆರವಿಲ್ಲದೆ, ಸರ್ಕಾರದ ಉತ್ಸವದ ಪಟ್ಟಿಯಲ್ಲಿ ಹೆಸರಿಲ್ಲದೆ, ತಮಗೆ ಬೇಕಾದ ಸಂಗೀತವನ್ನೇ ಹಿಡಿದು ಹನ್ನೆರಡು ವರ್ಷ ಕಾದು ಹೊರಟವರು ಇವರು.

ಹೊರದೇಶದ ಮಾತು ಬಂದಾಗ ಕೊಪ್ಪಳ ತ‍ಾಲ್ಲೂಕಿನ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರನ್ನು ಹೇಗೆ ಬಿಡುವುದು? ತೊಗಲುಗೊಂಬೆ ಆಡಿಸುತ್ತ, ರಾಮಾಯಣ, ಮಹಾಭಾರತಗಳನ್ನು ತಾವೇ ಹಾಡುತ್ತ ಹಲವು ದೇಶ ಸುತ್ತಿ ಬಂದವರು. 2025ರಲ್ಲಿ ತೊಂಬತ್ತು ದಾಟಿದ ವಯಸ್ಸಿನಲ್ಲಿ ಪದ್ಮಶ್ರೀ ಬಂತು. ಪರದೆಯ ಹಿಂದಿನ ಬೆಳಕಿನಲ್ಲಿ ಹತ್ತುತಲೆಯ ರಾವಣ ಎದ್ದು ನಿಂತಾಗ ಅಡಗಿ ಕೂರದ ಮಗುವಿಲ್ಲ. ನಮ್ಮ ಸೀಮೆಯಲ್ಲಿ ಪೋಸ್ಟರಿನ ನೆತ್ತಿಯ ಮೇಲೆ ಬರೆಯಬಹುದಾದ ಹೆಸರು ಒಂದಾದರೂ ಇದೆ ಎಂದು ಅವರಿಂದ ನಮಗೆ ಹೆಮ್ಮೆ. ಆದರೆ ಅವರ ಆಟವನ್ನು ಸಂಜೆಯಿಂದ ಬೆಳಗಿನ ತನಕ ಕೂತು ನೋಡಿದವರು ಅವರದೇ ಜಿಲ್ಲೆಯಲ್ಲಿ ಎಷ್ಟು ಜನ ಸಿಕ್ಕಾರು?

ನನ್ನ ನೋವು ಇರುವುದು ಅಲ್ಲಿಯೇ. ನಮ್ಮ ಪುರವಂತರು, ದೊಡ್ಡಾಟದವರು, ಗೊಂಬೆಯವರು ಇವತ್ತು ಎಲ್ಲಿ ಕಾಣುತ್ತಾರೆ? ಹಂಪಿ ಉತ್ಸವದ ಜಾನಪದ ವಾಹಿನಿಯಲ್ಲಿ, ದಸರಾ ಮೆರವಣಿಗೆಯಲ್ಲಿ, ಮಂತ್ರಿಗಳ ಸ್ವಾಗತದಲ್ಲಿ. ಹೋಗುವ ದಾರಿಯಲ್ಲಿ ಹತ್ತು ನಿಮಿಷ ಕುಣಿಯಬೇಕು, ಮುಂದಿನ ತಂಡಕ್ಕೆ ಜಾಗ ಬಿಡಬೇಕು. ರಾಕ್ಷಸನ ಪ್ರವೇಶಕ್ಕೇ ಅರ್ಧ ತಾಸು ಬೇಕಾದ ಆಟವನ್ನು ಹತ್ತು ನಿಮಿಷದಲ್ಲಿ ಆಡಿಸಿದರೆ ಉಳಿಯುವುದು ಬಣ್ಣದ ಬಟ್ಟೆ ಮಾತ್ರ. ರಾತ್ರಿ ದೊಡ್ಡ ವೇದಿಕೆಯಲ್ಲಿ ಸಿನಿಮಾ ಗಾಯಕರು ಬರುತ್ತಾರೆ. ಪೋಸ್ಟರಿನ ತುಂಬ ಅವರ ಮುಖ, ಕೆಳಗೆಲ್ಲೋ 'ಜಾನಪದ ಕಲಾತಂಡಗಳು' ಎಂದು ಒಂದು ಸಾಲು. ಬೇರೆಯವರ ಆಟಕ್ಕೆ ಮುಂಚಿನ ಹೊತ್ತು ತುಂಬಿಸುವವರಾಗಿಯೇ ಇವರ ಆಯುಷ್ಯ ಮುಗಿಯುತ್ತಿದೆ.

ಬದುಕೂ ಬದಲಾಗಿದೆ. ನಮ್ಮ ಹಿರಿಯರ ಕಾಲದಲ್ಲಿ ಜೋಳದ ಸುಗ್ಗಿ ಮುಗಿದರೆ ಮುಂಗಾರಿನ ತನಕ ಕೈ ಬಿಡುವು. ಆ ಬಿಡುವಿನಲ್ಲಿ ತಾಲೀಮು ನಡೆಯುತ್ತಿತ್ತು. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಗಂಗಾವತಿ, ಕಾರಟಗಿ ಭಾಗ ಭತ್ತದ ಸೀಮೆಯಾಯಿತು, ಎರಡು ಬೆಳೆಯ ಸೀಮೆಯಾಯಿತು. ಊಟಕ್ಕೆ ಬಂತು, ರಾತ್ರಿಗಳು ಹೋದವು. ಜಲಾಶಯದಲ್ಲಿ ಹೂಳು ತುಂಬಿ ನೀರು ಕಡಿಮೆಯಾಗುತ್ತಿದೆ ಎಂದು ನಮ್ಮ ನವಲಿಯ ಹತ್ತಿರ ಸಮಾನಾಂತರ ಜಲಾಶಯ ಕಟ್ಟುವ ಮಾತು ಬಹಳ ವರ್ಷಗಳಿಂದ ನಡೆದಿದೆ. ನೀರಿನ ಬಗ್ಗೆ ನಾವು ಹೀಗೆ ಲೆಕ್ಕ ಹಾಕುತ್ತೇವೆ. ಆಟದ ಬಗ್ಗೆ ಯಾರೂ ಹಾಕಿಲ್ಲ.

ಹಾಗಾಗಿ ನಾನೇ ಒಂದು ಲೆಕ್ಕ ಹಾಕಿ ನಿಮ್ಮ ಮುಂದಿಡುತ್ತೇನೆ. ಇದನ್ನು ಕೇಳುತ್ತಿರುವ ಊರ ಹಿರಿಯರು, ಜಾತ್ರಾ ಸಮಿತಿಯವರು, ಬಾಗಲಕೋಟೆಯ ಬಯಲಾಟ ಅಕಾಡೆಮಿಯವರು ಮನಸ್ಸು ಮಾಡಿದರೆ ಇದು ದೊಡ್ಡ ಕೆಲಸವಲ್ಲ. ಜಿಲ್ಲೆಯ ಒಂದೇ ಒಂದು ಒಳ್ಳೆಯ ದೊಡ್ಡಾಟದ ಮೇಳವನ್ನು ಆರಿಸಿ. ಅದರ ಹೆಸರಿನಲ್ಲಿ ತಿರುಗಾಟ ಹೊರಡಲಿ, ಬೇರೆ ಯಾರ ಕಾರ್ಯಕ್ರಮದ ಬಾಲವಾಗಿಯೂ ಅಲ್ಲ. ಪುಷ್ಯಮಾಸದಲ್ಲಿ ಬನದ ಹುಣ್ಣಿಮೆಗೆ ಬನಶಂಕರಿ, ಅದರ ಬೆನ್ನಿಗೇ ಕೊಪ್ಪಳದ ಗವಿಮಠದ ಜಾತ್ರೆ. ಆ ಹೊತ್ತಿಗೆ ಮೊದಲ ಭತ್ತ ಮನೆಗೆ ಬಂದಿರುತ್ತದೆ. ಆಮೇಲೆ ಕುಷ್ಟಗಿ, ಯಲಬುರ್ಗಾ, ಕನಕಗಿರಿ, ಹುಲಿಗಿ. ಪೋಸ್ಟರಿನಲ್ಲಿ ಮೇಳದ ಹೆಸರು ಮೇಲೆ, ಅದರ ಕೆಳಗೆ ಮಾಸ್ತರನ ಹೆಸರು, ರಾಕ್ಷಸ ಪಾತ್ರಧಾರಿಯ ಹೆಸರು, ಮದ್ದಳೆಯವನ ಹೆಸರು. ಟಿಕೆಟ್ ಇರಲಿ, ಹತ್ತು ರೂಪಾಯಿಯದಾದರೂ ಇರಲಿ. ಬಿಟ್ಟಿ ಆಟಕ್ಕೆ ಬಂದವನು ನಡುವೆ ಎದ್ದು ಹೋಗುತ್ತಾನೆ. ದುಡ್ಡು ಕೊಟ್ಟವನು ರಾಕ್ಷಸ ಬರುವ ತನಕ ಕೂರುತ್ತಾನೆ. ಪಾತ್ರಧಾರಿಗೆ ದಿನದ ಕೂಲಿಗಿಂತ ಕಡಿಮೆಯಾಗದ ಸಂಭಾವನೆ ಮೊದಲೇ ಗೊತ್ತಾಗಬೇಕು. ಮೊದಲ ವರ್ಷ ನಷ್ಟ ಆದೀತು. ಕಿಸ್ ತಂಡಕ್ಕೂ ಆಯಿತು.

ಪ್ರಸಂಗ ಯಾವುದು ಎಂದು ಕೇಳಿದರೆ ನನ್ನ ಆಯ್ಕೆ ದಕ್ಷಬ್ರಹ್ಮ. ಒಡಪು ಹೇಳಲು ಜಿಲ್ಲೆಯ ಹಿರಿಯ ಪುರವಂತರನ್ನೇ ಕರೆಸಬೇಕು, ಶಸ್ತ್ರವಿಲ್ಲದೆ, ಬರೀ ದನಿ ಮತ್ತು ಸಮಾಳದ ಬಲದ ಮೇಲೆ. ತಲೆ ಕಡಿಯುವ ಹೊತ್ತಿಗೆ ಗ್ಯಾಸ್‌ಲೈಟು, ಕರೆಂಟು ಎಲ್ಲ ಆರಿಸಿ ರಾಳದ ಜ್ವಾಲೆಯೊಂದನ್ನೇ ಉಳಿಸಲಿ. ಟಗರಿನ ತಲೆ ಹೊತ್ತ ದಕ್ಷ ಎದ್ದು ಬರುವುದನ್ನು ಅವಸರದಲ್ಲಿ ಮುಗಿಸದೆ ಬೆಳಗಿನ ಜಾವದ ತನಕ ಎಳೆಯಲಿ. ಎಂಜಿನಿಯರಿಂಗ್ ಓದಲು ಬೆಂಗಳೂರಿಗೆ ಹೋಗಿ ಐರನ್ ಮೇಡನ್ ಅಂಗಿ ಹಾಕಿಕೊಂಡು ಬರುವ ನಮ್ಮ ಹುಡುಗರು ಆ ರಾತ್ರಿ ಮುಂದಿನ ಸಾಲಿನಲ್ಲಿ ಕೂರಲಿ ಎಂದು ನನಗೆ ಆಸೆ. ಮೇಳದ ಮಾಸ್ತರರು ಯಾರಾದರೂ ಇದಕ್ಕೆ ಒಪ್ಪಿದರೆ, ಮೊದಲ ಆಟಕ್ಕೆ ನವಲಿಯಲ್ಲಿ ಅಟ್ಟ ಕಟ್ಟಿಸುವ ಕೆಲಸಕ್ಕೆ ನಾನು ಕೈ ಹಾಕುತ್ತೇನೆ.